ಕಾದಂಬರಿಯಲ್ಲಿ ಊರಿನ ವರ್ಣನೆ ಬಂದರೆ ಓದುತ್ತೀರಾ, ಹಾರಿಸುತ್ತೀರಾ?

ನಾಲೆ ಏರಿ

ಎಲ್ಲರಿಗೂ ನಮಸ್ಕಾರ. ಮಂಡ್ಯ ಕಡೆಯ ಒಂದು ಹಳ್ಳಿ ಇಟ್ಟುಕೊಂಡು ಕಾದಂಬರಿ ಬರೆಯುತ್ತಿದ್ದೇನೆ. ಕಾಲ 1970ರ ದಶಕದ ಕೊನೆ. ಮೊದಲ ಅಧ್ಯಾಯವನ್ನು ಇಬ್ಬರಿಗೆ ಓದಲು ಕೊಟ್ಟಿದ್ದೆ. ಮೈಸೂರಿನ ಗೆಳೆಯ "ಊರು ಕಣ್ಣಿಗೆ ಕಟ್ಟಿತು" ಅಂದ. ನಮ್ಮ ಚಿಕ್ಕಪ್ಪ ಅಂಥದ್ದೇ ಊರಲ್ಲಿ ಹುಟ್ಟಿ, ಅಲ್ಲೇ ಬೇಸಾಯ ಮಾಡಿದವರು. ಅವರು ಎರಡು ಪುಟ ಓದಿ "ಇದು ಯಾವೂರಪ್ಪ?" ಅಂದರು. ಶುರು ಹೀಗಿದೆ:

"ನಾಲೆಯ ಎರಡೂ ಬದಿಗೆ ಕಣ್ಣು ಹಾಯುವಷ್ಟು ದೂರ ಹಸಿರು. ಗಾಳಿ ಬೀಸಿದಾಗ ಕಬ್ಬಿನ ಬೆಳ್ಳನೆಯ ಹೂಗಳು ಅಲೆಅಲೆಯಾಗಿ ತೂಗುತ್ತಿದ್ದವು. ತೆಂಗಿನ ಸಾಲಿನಾಚೆ ದೇವಸ್ಥಾನದ ಗೋಪುರ. ಅದರಾಚೆ ಆಲೆಮನೆಯ ಹೊಗೆ. ದಾರಿಯಲ್ಲಿ ಎತ್ತಿನ ಗಾಡಿಗಳ ಗೆಜ್ಜೆ ಸದ್ದು. ಹಕ್ಕಿಗಳು ಗೂಡಿಗೆ ಮರಳುತ್ತಿದ್ದವು."

ಇದರಲ್ಲಿ ಒಂದೂ ಸುಳ್ಳಿಲ್ಲ. ಆದರೂ ಊರಿನವರಿಗೇ ಊರು ಸಿಗಲಿಲ್ಲ. ವಿವರ ಕಮ್ಮಿ ಆಯಿತಾ, ಜಾಸ್ತಿ ಆಯಿತಾ? ಕಾದಂಬರಿ ಓದುವವರು, ಬರೆಯುವವರು ಸ್ವಲ್ಪ ಹೇಳಿ.

ಅರ್ಧ ಬನ್ನು

ನಾನು ಹಾರಿಸುವ ಪಾರ್ಟಿ. ಹಕ್ಕಿ ಗೂಡಿಗೆ ಮರಳಿದರೆ ನಾನೂ ಮುಂದಿನ ಪುಟಕ್ಕೆ ಮರಳುತ್ತೇನೆ. ಮಾತು ಶುರುವಾಗುವ ಕಡೆಯಿಂದ ಓದುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ ಸಾರ್.

ಆಲೆಮನೆ ಹುಡುಗ

ಅಣ್ಣ, ನಿಮ್ಮ ಚಿಕ್ಕಪ್ಪ ಎಲ್ಲಿ ನಿಂತುಬಿಟ್ಟರು ಅಂತ ನನಗೆ ಗೊತ್ತು. ಕಬ್ಬಿನ ಹೂವಿನ ಹತ್ತಿರ.

ಕಬ್ಬು ಹೂ ಬಿಟ್ಟಿತು ಅಂದರೆ ಅದರ ಬೆಳವಣಿಗೆ ಮುಗಿಯಿತು. ಆಮೇಲೂ ಗದ್ದೆಯಲ್ಲೇ ನಿಂತರೆ ಜಲ್ಲೆಯ ಒಳಗೆ ಬೆಂಡು ಬರುತ್ತೆ, ರಸ ಇಳಿಯುತ್ತೆ, ತೂಕ ಹೋಗುತ್ತೆ. ಗದ್ದೆ ತುಂಬ ಬಿಳಿ ಹೂ ತೂಗುತ್ತಿದೆ ಅಂದರೆ ಆ ರೈತನ ಕಬ್ಬು ಇನ್ನೂ ಕಟಾವಾಗಿಲ್ಲ ಅಂತ. ಯಾಕೆ ಆಗಿಲ್ಲ? ಫ್ಯಾಕ್ಟರಿಯಿಂದ ಅಪ್ಪಣೆ ಬಂದಿಲ್ಲವಾ? ಕಡಿಯುವ ಆಳು ಸಿಗಲಿಲ್ಲವಾ? ಗಾಡಿ ಇಲ್ಲವಾ? ಊರಿನವರು ಅದನ್ನು ನೋಡಿದ ತಕ್ಷಣ ಕೇಳುವುದು ಇದನ್ನೇ. ನೀವು ಅಲೆಅಲೆಯಾಗಿ ತೂಗಿತು ಅಂತ ಬರೆದು ಮುಂದೆ ಹೋಗಿದ್ದೀರಿ. ಬಸ್ಸಿನ ಕಿಟಕಿಯಲ್ಲಿ ಕೂತವರು ನೋಡುವ ಹಾಗಿದೆ. ಮೈಸೂರಿನ ಗೆಳೆಯರಿಗೆ ಅದಕ್ಕೇ ಇಷ್ಟವಾಗಿದೆ, ಅವರು ನೋಡುವುದೂ ಅಲ್ಲಿಂದಲೇ.

ಆಲೆಮನೆಯೂ ಅಷ್ಟೇ. ಹೊಗೆ ಅಂತ ಒಂದು ಮಾತು ಬರೆದು ಬಿಟ್ಟಿದ್ದೀರಿ. ಹೊಗೆ ದೂರದವರಿಗೆ. ಒಳಗೆ ಬನ್ನಿ. ಒಲೆಯ ಬಾಯಿಗೆ ಒಣಗಿದ ಕಬ್ಬಿನ ಸಿಪ್ಪೆ ತಳ್ಳುವವನೊಬ್ಬ ಇರುತ್ತಾನೆ. ಉರಿ ಜಾಸ್ತಿ ಆದರೂ ಬೈಗುಳ, ಕಮ್ಮಿ ಆದರೂ ಬೈಗುಳ. ಕೊಪ್ಪರಿಗೆಯ ಪಕ್ಕ ಪಾಕ ನೋಡುವವನು. ರಸ ಕುದ್ದು ಗಟ್ಟಿಯಾಗಿ, ದೊಡ್ಡ ದೊಡ್ಡ ಗುಳ್ಳೆ ಏಳುವ ಹೊತ್ತಿಗೆ ಅವನು ಒಂದಿಷ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಮಾಡಿ ನೋಡುತ್ತಾನೆ. ಉಂಡೆ ನಿಂತರೆ ಕೊಪ್ಪರಿಗೆ ಇಳಿಸಬೇಕು. ಸ್ವಲ್ಪ ತಡವಾದರೂ ಪಾಕ ಸೀದು ಹೋಗುತ್ತೆ. ಆ ಹೊತ್ತಲ್ಲಿ ಅವನನ್ನು ಯಾರೂ ಮಾತಾಡಿಸುವುದಿಲ್ಲ. ಗದ್ದೆ ಯಜಮಾನ ಬಂದು ನಿಂತರೂ ಕಾಯಬೇಕು. ಊರಲ್ಲಿ ಬೇರೆ ಹೊತ್ತಲ್ಲಿ ಅದೇ ಯಜಮಾನನ ಎದುರು ಅವನು ಕೂರುವ ಹಾಗೂ ಇರಲಿಲ್ಲ. ನೀವು ಹೇಳುವ ಕಾಲದಲ್ಲಂತೂ ಇಲ್ಲ. ಈ ಒಂದು ಗಳಿಗೆ ಬರೆದರೆ ಊರು ಪೂರ್ತಿ ಬಂತು, ಅಲ್ವಾ?

ಕಾಲ ಬೇಕಾದರೆ ಬೆಲ್ಲದ ಬಣ್ಣ ಹೇಳಿ ಸಾಕು. ಹಿಂದೆ ರಸದ ಕೊಳೆ ತೆಗೆಯೋಕೆ ಬೆಂಡೆ ಗಿಡ ಜಜ್ಜಿದ ಲೋಳೆ ಹಾಕುತ್ತಿದ್ದರು. ಬೆಲ್ಲ ಕಂದು ಬಣ್ಣಕ್ಕೆ ಬರುತ್ತಿತ್ತು. ಆಮೇಲೆ ಬಣ್ಣ ತಿಳಿ ಮಾಡುವ ಹೈಡ್ರೋಸ್ ಅನ್ನುವ ರಾಸಾಯನಿಕ ಬಂತು, ಬೆಲ್ಲ ಹಳದಿಯಾಯಿತು. ಇಸವಿ ಹಾಕುವ ಅಗತ್ಯವೇ ಇಲ್ಲ.

ಅರ್ಧ ಬನ್ನು

ಗುರು, ಇದನ್ನು ನಾನು ಹಾರಿಸದೆ ಓದಿದೆ.

ಗಂಗೋತ್ರಿ ಹಳೇ ಗಿರಾಕಿ

ಆಲೆಮನೆ ಹುಡುಗರು ಹೇಳಿದ್ದು ಸರಿ. ಅದಕ್ಕೆ ಹಳೆಯ ಸಾಕ್ಷಿಯೂ ಇದೆ. ಫ್ರಾನ್ಸಿನ ಬಾಲ್ಜಾಕ್ 1835ರ 'ಗೋರಿಯೋ' ಕಾದಂಬರಿಯಲ್ಲಿ ಪ್ಯಾರಿಸ್ಸಿನ ಒಂದು ಬಾಡಿಗೆ ವಸತಿಮನೆಯನ್ನು ಪುಟಗಟ್ಟಲೆ ವರ್ಣಿಸುತ್ತಾನೆ. ಗೋಡೆ, ಮೇಜು, ಕಮಟು ವಾಸನೆ, ಒಂದನ್ನೂ ಬಿಡುವುದಿಲ್ಲ. ಅರ್ಧ ಬನ್ನು ಅವರು ಖಂಡಿತ ಹಾರಿಸುತ್ತಾರೆ. ಕೊನೆಗೆ ಆ ಮನೆ ನಡೆಸುವ ಹೆಂಗಸು ಬರುತ್ತಾಳೆ. ಅವಳನ್ನು ನೋಡಿದರೆ ಮನೆ ಅರ್ಥವಾಗುತ್ತೆ, ಮನೆ ನೋಡಿದರೆ ಅವಳು ಅರ್ಥವಾಗುತ್ತಾಳೆ ಅನ್ನುವ ಮಾತು ಅಲ್ಲೇ ಇದೆ. ಅಷ್ಟು ಹೊತ್ತು ಓದಿದ ಕುರ್ಚಿ ಮೇಜು ಎಲ್ಲ ಒಂದೇ ಏಟಿಗೆ ಅವಳ ಮೈಮೇಲೆ ಬಂದು ಕೂರುತ್ತವೆ.

ಆದರೆ ಒಂದು ತಕರಾರು. ಪ್ರತಿ ವಿವರಕ್ಕೂ ಕೆಲಸ ಇರಲೇಬೇಕು ಅಂತ ಹೊರಟರೆ ಕಾದಂಬರಿ ಪೊಲೀಸ್ ಪಂಚನಾಮೆ ಆಗುತ್ತೆ. ಫ್ಲಾಬೇರ್‌ನ ಒಂದು ಕಥೆಯಲ್ಲಿ ಪಿಯಾನೋ ಮೇಲೆ, ಗೋಡೆಯಲ್ಲಿ, ಹವೆಯ ಒತ್ತಡ ಅಳೆಯುವ ಬ್ಯಾರೋಮೀಟರ್ ಒಂದು ಇರುತ್ತೆ. ಕಥೆಗೆ ಅದರಿಂದ ಏನೂ ಆಗಬೇಕಿಲ್ಲ. ರೋಲಾಂ ಬಾರ್ತ್ 1968ರಲ್ಲಿ ಅದರ ಮೇಲೇ ಒಂದು ಪ್ರಬಂಧ ಬರೆದ. ಏನೂ ಕೆಲಸ ಮಾಡದ ಇಂಥ ವಸ್ತುವೇ "ಇದು ನಿಜವಾದ ಮನೆ" ಅಂತ ನಮ್ಮನ್ನು ನಂಬಿಸುತ್ತೆ ಅನ್ನುವುದು ಅವನ ವಾದ. ನಮ್ಮ ಮನೆಗಳಲ್ಲೂ ಹಾಗೇ ಅಲ್ವಾ? ನಿಂತುಹೋದ ಗಡಿಯಾರ, ಕಳೆದ ವರ್ಷದ ಕ್ಯಾಲೆಂಡರ್. ಯಾರೂ ಯಾಕಿದೆ ಅಂತ ಕೇಳುವುದಿಲ್ಲ. ಒಂದೆರಡು ಹಾಗೆ ಸುಮ್ನೆ ಇರಲಿ.

ಚಿಕ್ಕ ಗಡಿಯಾರ

ಒಂದೆರಡು ಇರಲಿ ಸಾರ್. ಕೆಲವರು ಪೂರ್ತಿ ಅಂಗಡಿಯನ್ನೇ ಇಡುತ್ತಾರೆ.

ಮೈಸೂರು ಇಟ್ಟುಕೊಂಡು ಬರೆಯುವವರ ಮೇಲೆ ನನಗೆ ಹಳೆಯ ಸಿಟ್ಟು. ಕಥೆ ಮೈಸೂರಲ್ಲಿ ಶುರುವಾಯಿತು ಅಂದರೆ ಅರಮನೆಯ ದೀಪ, ಮಲ್ಲಿಗೆ, ವೀಳ್ಯದೆಲೆ, ಚಾಮುಂಡಿ ಬೆಟ್ಟ. ಹೀರೋ ಯಾವ ಕೆಲಸದ ಮೇಲೆ ಎಲ್ಲಿಗೇ ಹೊರಟರೂ ದೇವರಾಜ ಮಾರ್ಕೆಟ್ಟಿನ ಹೂವಿನ ಸಾಲಲ್ಲಿ ಹಾದು ಬರಲೇಬೇಕು. ನಾನು ಹುಟ್ಟಿದ್ದು ಇಲ್ಲೇ. ಭಾನುವಾರ ಸಂಜೆ ದೀಪ ಹಾಕುತ್ತಾರೆ ಅಂತ ನಾವು ಅರಮನೆಗೆ ಹೋಗುವುದು ಮನೆಗೆ ನೆಂಟರು ಬಂದಾಗ ಮಾತ್ರ. ದಸರಾ ಅಂದರೆ ನಮ್ಮ ತಲೆಗೆ ಮೊದಲು ಬರುವುದು ಯಾವ ರಸ್ತೆ ಒನ್ ವೇ ಮಾಡಿದ್ದಾರೆ, ಅಮ್ಮನನ್ನು ಡಾಕ್ಟರ ಹತ್ತಿರ ಯಾವ ಕಡೆಯಿಂದ ಕರೆದುಕೊಂಡು ಹೋಗುವುದು ಅಂತ. ಅರಮನೆ ಬರೆಯಬೇಡಿ ಅಂತಲ್ಲ. ಅದರ ಪಕ್ಕದಲ್ಲೇ ಬದುಕುವವರಿಗೆ ಅದು ಹೇಗೆ ಕಾಣುತ್ತೆ ಅಂತ ಬರೆಯಿರಿ.

ಇದಕ್ಕೆ ಉಲ್ಟಾ ಉದಾಹರಣೆ 'ಗೃಹಭಂಗ'. ಭೈರಪ್ಪನವರ 1970ರ ಕಾದಂಬರಿ. ಆ ಊರಿನ ಭೂಗೋಳ ನನಗೆ ಈಗ ನೆನಪಿಲ್ಲ. ನಂಜಮ್ಮ ಶಾನುಭೋಗಿಕೆಯ ಲೆಕ್ಕ ಬರೆಯುವುದು, ಮುತ್ತುಗದ ಎಲೆ ಹಚ್ಚುವುದು ನೆನಪಿದೆ. ಗಂಡನ ಹೆಸರಿನ ಶಾನುಭೋಗಿಕೆ, ಲೆಕ್ಕ ಬರೆಯುವವಳು ಇವಳು. ಆ ಕಾಲದ ಹಳ್ಳಿ, ಕಂದಾಯ, ಬಡತನ, ಗಂಡಸರ ಯೋಗ್ಯತೆ, ಎಲ್ಲ ಆ ಲೆಕ್ಕದ ಪುಸ್ತಕದಲ್ಲೇ ಬಂದುಬಿಟ್ಟಿದೆ. ಪ್ಲೇಗ್ ಬಂದಾಗ ನಮಗೆ ಊರಿಗಿಂತ ಮೊದಲು ಅವಳ ಮನೆಯ ಚಿಂತೆ ಹತ್ತುವುದು ಅದಕ್ಕೇ.

ಕನ್ನಂಬಾಡಿ

ಎಲ್ಲರೂ ಭಾವನೆ ಬಗ್ಗೆ ಹೇಳುತ್ತಿದ್ದೀರಿ. ನಾನು ಸ್ವಲ್ಪ ಲೆಕ್ಕದ ಮನುಷ್ಯ. ವಿವರ ಮೊದಲು ಸರಿ ಇರಬೇಕು, ಚಂದ ಆಮೇಲೆ.

ಮಂಡ್ಯ ಅಂದ ಕೂಡಲೇ ಹಸಿರು ಕಬ್ಬು ಅಂತ ಬರೆಯುತ್ತಾರಲ್ಲ, ಅದು ಯಾವತ್ತಿಂದ? ಕನ್ನಂಬಾಡಿ ಕಟ್ಟೆ, ಅಂದರೆ ಕೆಆರ್‌ಎಸ್ ಅಣೆಕಟ್ಟೆಯ ಕೆಲಸ ಶುರುವಾಗಿದ್ದು 1911ರಲ್ಲಿ. ನಾಲೆಯಲ್ಲಿ ನೀರು ಹರಿದು ಮಂಡ್ಯ ಕಡೆ ಗದ್ದೆ ಆಗಿದ್ದು 1930ರ ದಶಕದಲ್ಲಿ. ಸಕ್ಕರೆ ಕಂಪನಿ ಆಗಿದ್ದು 1933. ಮಂಡ್ಯ ಜಿಲ್ಲೆ ಆಗಿದ್ದು 1939, ಅಲ್ಲಿಯವರೆಗೆ ಮೈಸೂರು ಜಿಲ್ಲೆಯೇ. ನಾಲೆ ಬರುವ ಮುಂಚೆ ಕೆರೆ ಹಿಂದೆ ಇದ್ದಷ್ಟು ಗದ್ದೆ ಬಿಟ್ಟರೆ ರಾಗಿ, ಹುರುಳಿ. ಯಾರಾದರೂ 1920ರ ಮಂಡ್ಯದ ಕಥೆಯಲ್ಲಿ ನಾಲೆ ಏರಿ ಮೇಲೆ ಪ್ರೇಮಿಗಳನ್ನು ಕೂರಿಸಿದರೆ ನಾನು ಪುಸ್ತಕ ಮುಚ್ಚುತ್ತೇನೆ. ಇನ್ನು 1930ರ ದಶಕದಲ್ಲಿ ಕೂರಿಸಿದರೆ ಅವರು ವಿಶ್ವೇಶ್ವರಯ್ಯ ನಾಲೆ ಅನ್ನುವ ಹಾಗಿಲ್ಲ. ಆಗ ಅದು ಇರ್ವಿನ್ ನಾಲೆ.

ಮೈಸೂರೂ ಹಾಗೇ. ದೊಡ್ಡ ಗಡಿಯಾರ ಕಟ್ಟಿದ್ದು 1927ರಲ್ಲಿ, ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ. ಅದಕ್ಕೆ ಹತ್ತು ವರ್ಷ ಮುಂಚಿನ ಕಥೆಯಲ್ಲಿ ಅದು ಗಂಟೆ ಹೊಡೆಯಬಾರದು.

ಅರ್ಧ ಬನ್ನು

ಕನ್ನಂಬಾಡಿ ಸಾರ್, ಇಷ್ಟು ಲೆಕ್ಕ ಬೇಕಾದರೆ ಗೆಜೆಟಿಯರ್ ಓದಬಹುದಲ್ಲ.

ನಮ್ಮ ಯಾದವಗಿರಿಯಲ್ಲೇ ಇದ್ದ ಆರ್.ಕೆ. ನಾರಾಯಣ್ ಅವರನ್ನು ನೋಡಿ. ಇಲ್ಲದ ಊರನ್ನೇ ಕಟ್ಟಿದರು. ಮಾಲ್ಗುಡಿ 1935ರಲ್ಲಿ ಬಂದಿದ್ದು, ಇವತ್ತಿಗೂ ಜನ ಅದು ಎಲ್ಲಿದೆ ಅಂತ ಕೇಳುತ್ತಾರೆ. ಒಂದು ನದಿ, ಒಂದು ಸ್ಕೂಲು, ಒಂದು ಮಾರ್ಕೆಟ್ ರಸ್ತೆ. ಉದ್ದುದ್ದ ವರ್ಣನೆ ಹುಡುಕಿದರೂ ಸಿಗುವುದಿಲ್ಲ. ಟೀವಿಗೆ ಶಂಕರ್‌ನಾಗ್ ಅದನ್ನು ಆಗುಂಬೆಯಲ್ಲಿ ತೆಗೆದರು. ಬಯಲುಸೀಮೆಯ ಊರಿನ ಹಾಗೆ ಓದಿಕೊಂಡಿದ್ದವರೂ ಮಳೆ ಸುರಿಯುವ ಘಟ್ಟದ ಊರನ್ನು ನೋಡಿ "ಹೌದು, ಇದೇ ಮಾಲ್ಗುಡಿ" ಅಂದರು. ವಿವರ ಕಮ್ಮಿ ಇದ್ದಿದ್ದರಿಂದಲೇ ಎಲ್ಲರೂ ತಮ್ಮ ಊರನ್ನು ಅದರೊಳಗೆ ಇಟ್ಟುಕೊಂಡರು.

ಕನ್ನಂಬಾಡಿ

ಇಲ್ಲದ ಊರಿಗೆ ಯಾವ ವರ್ಷ ಬೇಕಾದರೂ ಗಡಿಯಾರ ಕಟ್ಟಬಹುದು. ಮಂಡ್ಯ ಅಂತ ಹೆಸರು ಹಾಕಿದ ಮೇಲೆ ಆ ಸ್ವಾತಂತ್ರ್ಯ ಇಲ್ಲ.

ಚಿಕ್ಕ ಗಡಿಯಾರ

ಇದು ಒಳ್ಳೆಯ ಮಾತು. ಆದರೆ ಲೆಕ್ಕ ಸರಿ ಇದ್ದ ಮಾತ್ರಕ್ಕೆ ಓದುಗರಿಗೆ ತಲುಪುತ್ತೆ ಅಂತಲ್ಲ. ಒಬ್ಬರು "ಕಟ್ಟೆಯಲ್ಲಿ ನೀರು 90 ಅಡಿಗೆ ಇಳಿದಿತ್ತು" ಅಂತ ಬರೆದರು ಅಂದುಕೊಳ್ಳಿ. ತುಂಬಿದರೆ 124.80 ಅಡಿ ಅಂತ ಮಂಡ್ಯದ ಸಣ್ಣ ಹುಡುಗರಿಗೂ ಗೊತ್ತು. ಪೇಪರ್ ಬಂದರೆ ಮೊದಲು ಅದನ್ನೇ ನೋಡುವ ಮನೆಗಳಿವೆ. ಅವರಿಗೆ 90 ಅಂದರೆ ಹೊಟ್ಟೆಯಲ್ಲಿ ತಳಮಳ. ಬೀದರಿನಲ್ಲಿ ಕೂತು ಓದುವವರಿಗೆ ಅದು ಬರೀ ಒಂದು ಅಂಕಿ. ಆ ಅಂಕಿ ಓದಿದ ಮನುಷ್ಯ ಪೇಪರ್ ಮಡಿಚಿಟ್ಟು ಭತ್ತದ ಒಟ್ಲು (ಸಸಿಮಡಿ) ಹಾಕುವುದನ್ನು ಮುಂದಕ್ಕೆ ಹಾಕಿದ ಅಂತ ಬರೆದರೆ ಬೀದರಿನವರಿಗೂ ಗೊತ್ತಾಗುತ್ತೆ, ಮಂಡ್ಯದವರಿಗೂ ಸುಳ್ಳು ಅನ್ನಿಸುವುದಿಲ್ಲ.

ಸೀಬೆಕಾಯಿ

ತಡವಾಗಿ ಬಂದೆ. ನೀವೆಲ್ಲ ಕಣ್ಣಿಗೆ ಕಾಣುವುದರ ಬಗ್ಗೆಯೇ ಹೇಳುತ್ತಿದ್ದೀರಿ. ಊರು ಕಿವಿಯಿಂದಲೂ ಬರುತ್ತೆ.

ನಾನು ನಂಜನಗೂಡಿನ ಕಡೆಯವಳು. ಕಾಲೇಜಲ್ಲಿ ದೇವನೂರ ಮಹಾದೇವ ಅವರ 'ಒಡಲಾಳ' ಓದಿದಾಗ ಕಳೆದುಹೋದ ಹುಂಜಕ್ಕೆ ಸಾಕವ್ವ ಪಡುವ ಪಾಡು ನಮ್ಮಜ್ಜಿಯ ಬಾಯಲ್ಲೇ ಕೇಳಿದ ಹಾಗಾಯಿತು. ಗುಡಿಸಲು ಎಷ್ಟು ಅಗಲ, ಗೋಡೆ ಯಾವ ಬಣ್ಣ, ಅದೆಲ್ಲ ನಾನು ಹುಡುಕಲೇ ಇಲ್ಲ. ರಾತ್ರಿ ಮನೆಮಂದಿಯೆಲ್ಲ ಸುತ್ತ ಕೂತು ಕಡಲೆಕಾಯಿ ತಿನ್ನುವ ಭಾಗ ಇದೆಯಲ್ಲ, ಅಲ್ಲಿ ಹಸಿವು ಅನ್ನುವುದನ್ನು ಯಾರೂ ವಿವರಿಸಬೇಕಿಲ್ಲ. 'ಕುಸುಮಬಾಲೆ'ಯಲ್ಲಂತೂ ಪೂರ್ತಿ ಪುಸ್ತಕವೇ ಆ ಕಡೆಯ ಮಾತು. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ. ಓದೋಕೆ ಕಷ್ಟ ಅಂತ ಆಗಲೂ ಹೇಳಿದರು, ಈಗಲೂ ಹೇಳುತ್ತಾರೆ. ಜೋರಾಗಿ ಓದಿ ನೋಡಿ, ಕಷ್ಟ ಅರ್ಧಕ್ಕರ್ಧ ಹೋಗುತ್ತೆ.

ನಾಲೆ ಏರಿ ಅಣ್ಣ, ನಿಮ್ಮ ಪ್ಯಾರಾದಲ್ಲಿ ಒಬ್ಬರೂ ಬಾಯಿ ಬಿಟ್ಟಿಲ್ಲ. ಸಂಜೆ ಹೊತ್ತು, ಗಾಡಿ ಹೋಗುತ್ತಿವೆ, ಮಂಡ್ಯದ ಹಳ್ಳಿ. ಒಬ್ಬನಾದರೂ ಇನ್ನೊಬ್ಬನನ್ನು ಬೈಯದೆ ಹೇಗೆ ಇರುತ್ತಾನೆ?

ಆಲೆಮನೆ ಹುಡುಗ

ಅಕ್ಕ, ಸೂಪರ್! ಗೆಜ್ಜೆ ಸದ್ದೂ ಅನುಮಾನ. ಕಬ್ಬು ತುಂಬಿದ ಗಾಡಿಯಲ್ಲಿ ಗೆಜ್ಜೆಗಿಂತ ಜಾಸ್ತಿ ಕೇಳುವುದು ಅಚ್ಚಿನ ಕಿರ್ ಕಿರ್, ಗಾಡಿ ಹೊಡೆಯುವವನ ಬಾಯಿ. ಹಿಂದೆ ಹುಡುಗರು ಜಲ್ಲೆ ಎಳೆಯೋಕೆ ಓಡಿ ಬರುತ್ತಾರೆ. ಅವರನ್ನು ಬೈಯುವುದೇ ಅವನಿಗೆ ಅರ್ಧ ಕೆಲಸ.

ಗಂಗೋತ್ರಿ ಹಳೇ ಗಿರಾಕಿ

ಎಲ್ಲವೂ ಒಂದು ಪಾತ್ರದ ಕಣ್ಣು, ಕೈ, ಕಿವಿಯಿಂದಲೇ ಬರಬೇಕು ಅನ್ನುವ ಕಡೆ ಮಾತು ವಾಲುತ್ತಿದೆ. ನಾನು ಪೂರ್ತಿ ಒಪ್ಪುವುದಿಲ್ಲ. 'ಮಲೆಗಳಲ್ಲಿ ಮದುಮಗಳು' ಏನು ಮಾಡೋಣ? ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರೂ ಅಲ್ಲ ಅಂತ ಕುವೆಂಪು ಶುರುವಲ್ಲೇ ಹೇಳಿಬಿಡುತ್ತಾರೆ. ಹೇಳಿದ ಹಾಗೇ ನಡೆದುಕೊಳ್ಳುತ್ತಾರೆ. ಹೆಗ್ಗಡೆಯವರ ಮನೆಗೆ ಎಷ್ಟು ವಿವರವೋ ಗುತ್ತಿಯ ನಾಯಿ ಹುಲಿಯನಿಗೂ ಅಷ್ಟೇ. ಕಾಡು ಯಾರು ನೋಡದಿದ್ದರೂ ಅಲ್ಲಿ ಇರುತ್ತೆ. ಅಲ್ಲಿ ವಿವರ ಜಾಸ್ತಿ ಆಯಿತು ಅನ್ನುವವರು ಇದ್ದಾರೆ. ಆ ದಟ್ಟಣೆ ಇಲ್ಲದಿದ್ದರೆ ಅದು ಮಲೆನಾಡೇ ಆಗುತ್ತಿರಲಿಲ್ಲ ಅಂತ ನನ್ನ ಅಭಿಪ್ರಾಯ. ನಾಲ್ಕು ಸಾಲಿನಲ್ಲಿ ಕಾಡು ದಾಟಿಸಿದರೆ ಅದು ಪಾರ್ಕು.

ಇನ್ನೊಂದು ವಿಷಯ. 'ಕಾನೂರು ಹೆಗ್ಗಡಿತಿ' ಬಂದಿದ್ದು 1936ರಲ್ಲಿ, 'ಮದುಮಗಳು' 1967ರಲ್ಲಿ. ಎರಡೂ ಹೊತ್ತಿಗೆ ಕುವೆಂಪು ಇದ್ದದ್ದು ಇಲ್ಲೇ ಮೈಸೂರಲ್ಲಿ. ಕುಕ್ಕರಹಳ್ಳಿ ಕೆರೆ ಸುತ್ತುತ್ತಾ ಮಲೆನಾಡು ಬರೆದರು. ಅನಂತಮೂರ್ತಿ 'ಸಂಸ್ಕಾರ' ಬರೆದಾಗ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿದ್ದರು. ಆ ಅಗ್ರಹಾರದಲ್ಲಿ ನಾರಣಪ್ಪ ಅಂಗಳದಲ್ಲಿ ಬೆಳೆಸಿದ ರಾತ್ರಿರಾಣಿ ಹೂವಿನ ವಾಸನೆ ಒಂದು ಕಡೆ, ಹೆಣದ ವಾಸನೆ ಇನ್ನೊಂದು ಕಡೆ. ಮನೆಗಳ ಲೆಕ್ಕ ಮರೆತರೂ ಆ ಎರಡು ವಾಸನೆ ಮರೆಯುವುದಿಲ್ಲ. ಊರಿನಿಂದ ದೂರ ಕೂತು ಬರೆದರೆ ನೆನಪು ತಾನೇ ಜರಡಿ ಹಿಡಿಯುತ್ತೆ ಅಂತ ನನಗೆ ಅನ್ನಿಸುತ್ತೆ. ನೀವು ಊರಿಗೆ ಹೋಗಿ ಫೋಟೊ ತೆಗೆದುಕೊಂಡು ಬಂದು ಬರೆಯುತ್ತಿದ್ದೀರಾ, ಹೇಗೆ?

ನಾಲೆ ಏರಿ

ಫೋಟೊ ಇದೆ ಸಾರ್, ಮೊಬೈಲ್ ತುಂಬ ಇದೆ. ಇವತ್ತು ಅದನ್ನು ತೆರೆಯದೆ ಕೂತು ಬರೆದೆ. ನೋಡಿ:

"ಕಬ್ಬು ಹೂ ಬಿಟ್ಟು ತಿಂಗಳಾಗಿತ್ತು. ಫ್ಯಾಕ್ಟರಿಯಿಂದ ಕಟಾವಿಗೆ ಅಪ್ಪಣೆ ಬಂದಿರಲಿಲ್ಲ. ಅಪ್ಪ ಬದುವಿನ ಮೇಲೆ ಕೂತು ಒಂದು ಜಲ್ಲೆ ಮುರಿದ. ನಡುವೆ ಬೆಳ್ಳಗೆ ಬೆಂಡು. ಅಗಿದು ನೋಡಿ ಉಗಿದ.

'ಆಲೆಮನೆಗೆ ಹಾಕಿಬುಡದಾ?' ಅಂದ ಮಗ.

'ಹಾಕ್ತೀಯ. ನಿಮ್ಮಪ್ಪ ಫ್ಯಾಕ್ಟರಿಗೆ ಒಪ್ಪಿಗೆ ಬರ್ಕೊಟ್ಟವ್ನೆ, ಗೊತ್ತಾ?'

ನಾಲೆ ಆಚೆ ಆಲೆಮನೆಯ ಹೊಗೆ ಏಳುತ್ತಿತ್ತು. ಅಪ್ಪ ಆ ಕಡೆ ಬೆನ್ನು ಮಾಡಿ ಕೂತ. ಅಲ್ಲಿನ ಯಜಮಾನನಿಗೆ ಹೋದ ವರ್ಷದ ಬಾಕಿಯೂ ಇತ್ತು."

ಗೋಪುರ ಬಿಟ್ಟೆ. ಹಕ್ಕಿಗಳನ್ನೂ ಬಿಟ್ಟೆ. ತೆಂಗು ಬಿಡೋಕೆ ಮನಸ್ಸು ಬರಲಿಲ್ಲ, ಎರಡನೇ ಪುಟಕ್ಕೆ ಹೋಗಿದೆ.

ಅರ್ಧ ಬನ್ನು

ಬಾಕಿ ಎಷ್ಟು? ಇದನ್ನು ಕೇಳುತ್ತಿದ್ದೇನೆ ಅಂದರೆ ಓದಿದ್ದೇನೆ ಅಂತ ಅರ್ಥ.

ಸೀಬೆಕಾಯಿ

ಮಗನಿಗೆ 'ನಿಮ್ಮಪ್ಪ' ಅಂತ ತನ್ನನ್ನೇ ಹೇಳಿಕೊಳ್ಳುತ್ತಾನಲ್ಲ, ಅಲ್ಲೇ ಊರು ಬಂತು.

ಆಲೆಮನೆ ಹುಡುಗ

ಚೆನ್ನಾಗಿದೆ ಅಣ್ಣ. ಒಂದು ಸೇರಿಸಿ. ಬೆಂಡು ಶುರುವಾಗುವುದು ತುದಿ ಕಡೆಯಿಂದ. ತುದಿ ಮುರಿದು ಬೆಂಡು ಕಂಡರೆ ರೈತ ಅಷ್ಟು ಹೆದರುವುದಿಲ್ಲ, ಹೇಗೂ ಸೋಗೆ ಜೊತೆ ಅದನ್ನು ಕಡಿದು ಬಿಸಾಡುತ್ತಾರೆ. ಅಪ್ಪ ಮೊದಲು ತುದಿ ಮುರಿಯಲಿ, ಆಮೇಲೆ ನಡುವೆ ಮುರಿಯಲಿ. ಎರಡನೇ ಸಲ ಮುರಿದಾಗ ಏನೂ ಮಾತಾಡದೆ ಇರಲಿ.

ಚಿಕ್ಕ ಗಡಿಯಾರ

ಇವರೇ ಕಾದಂಬರಿ ಬರೆಯಬಹುದಲ್ಲ!

ಆಲೆಮನೆ ಹುಡುಗ

ಮೇಡಂ, ನನಗೆ ವಾಟ್ಸಾಪ್ ಮೆಸೇಜೇ ಎರಡು ಸಾಲು ದಾಟುವುದಿಲ್ಲ. ಇಲ್ಲಿ ಹೇಗೋ ಆಯಿತು.

ಕನ್ನಂಬಾಡಿ

ನಾಲೆ ಏರಿ ಅವರೇ, ಬರೆದದ್ದು ಹಿಡಿಸಿತು. ಆದರೆ ನೀವು ಯಾವ ವರ್ಷ ಇಟ್ಟುಕೊಂಡಿದ್ದೀರಿ ಅಂತ ಗಟ್ಟಿ ಮಾಡಿಕೊಳ್ಳಿ. ಬೆಲ್ಲಕ್ಕೆ ರೇಟು ಇದ್ದ ವರ್ಷ ಫ್ಯಾಕ್ಟರಿಗೇ ಕಬ್ಬು ಸಿಗುವುದಿಲ್ಲ. ಒಪ್ಪಿಗೆ ಬರೆದುಕೊಟ್ಟವರೂ ರಾತ್ರೋರಾತ್ರಿ ಆಲೆಮನೆಗೆ ಹೊಡೆಯುತ್ತಾರೆ. ರೇಟು ಬಿದ್ದ ವರ್ಷ ಎಲ್ಲರೂ ಫ್ಯಾಕ್ಟರಿ ಬಾಗಿಲಲ್ಲಿ. ನಿಮ್ಮ ಅಪ್ಪ ತಿಂಗಳುಗಟ್ಟಲೆ ಅಪ್ಪಣೆಗೆ ಕಾಯುತ್ತಾ ಕೂರಬೇಕಾದರೆ ಅದು ರೇಟು ಬಿದ್ದ ವರ್ಷವೇ ಆಗಿರಬೇಕು. ಹಾಗಿದ್ದರೆ ಆಲೆಮನೆಯಲ್ಲಿ ಅಷ್ಟು ಹೊಗೆ ಯಾಕೆ ಏಳುತ್ತಿದೆ?

ನಾಲೆ ಏರಿ

ಅಯ್ಯೋ, ಇದು ಪ್ಲಾಟಿಗೇ ಬಂತಲ್ಲ ಸಾರ್. ಆಗಿನ ಬೆಲ್ಲದ ರೇಟು ಎಲ್ಲಿ ಸಿಗುತ್ತೆ?

ಕನ್ನಂಬಾಡಿ

ಹಳೆಯ ಪೇಪರ್‌ಗಳಲ್ಲಿ ಮಾರುಕಟ್ಟೆ ಧಾರಣೆ ಅಂತ ಒಂದು ಕಾಲಂ ಇರುತ್ತಿತ್ತು, ಲೈಬ್ರರಿಯಲ್ಲಿ ಕೇಳಿ. ಅದಕ್ಕಿಂತ ಒಳ್ಳೆಯದು ಮಂಡ್ಯದಲ್ಲಿ ಬೆಲ್ಲದ ಮಂಡಿ ಇಟ್ಟಿದ್ದ ಹಳೆಯ ಮನೆತನ ಯಾವುದಾದರೂ ಗುರುತಿದ್ದರೆ ಅವರ ಲೆಕ್ಕದ ಪುಸ್ತಕ. ಅದರಲ್ಲಿ ರೇಟಿನ ಜೊತೆಗೆ ಯಾರು ಯಾರಿಗೆ ಎಷ್ಟು ಮುಂಗಡ ಕೊಟ್ಟಿದ್ದರು ಅಂತಲೂ ಇರುತ್ತೆ. ಅರ್ಧ ಬನ್ನು ಅವರು ಕೇಳಿದ ಬಾಕಿಗೂ ಉತ್ತರ ಸಿಗಬಹುದು.